ಮೂತಿ ಇಳಿಸುವ ಎರಡು ತಗಡು

ಎರಡು ವರ್ಷದ ಹಿಂದೆ ಜುಲೈ ತಿಂಗಳ ಒಂದು ಶನಿವಾರ. ಅಟ್ಲಾಂಟಾ ಹತ್ತಿರದ ಲೇಕ್ ಲೇನಿಯರ್‌ನಲ್ಲಿ ನಮ್ಮ ಬೋಟು. ಮನೆಯವರು, ಊರಿಂದ ಬಂದಿದ್ದ ಭಾವನ ಸಂಸಾರ, ಮಕ್ಕಳು ಸೇರಿ ಎಂಟು ಜನ. ಊಟ ಮುಗಿಸಿ ಒಂದು ಸಣ್ಣ ಕೊಲ್ಲಿಯಿಂದ ಹೊರಗೆ ಬಂದೆವು. ದಡದಿಂದ ಸಾಕಷ್ಟು ದೂರ ಬಂದ ಮೇಲೆ ವೇಗ ಹೆಚ್ಚಿಸಲು ಥ್ರಾಟಲ್ ಹಿಡಿಕೆ ಮುಂದಕ್ಕೆ ತಳ್ಳಿದೆ. ಎಂದಿನಂತೆ ಬೋಟಿನ ಮೂತಿ ಎದ್ದಿತು. ಮುಂದಿನ ನಾಲ್ಕೈದು ಸೆಕೆಂಡು ನನಗೆ ಕಂಡಿದ್ದು ಬಿಳಿ ಫೈಬರ್‌ಗ್ಲಾಸ್ ಮತ್ತು ಆಕಾಶ.

ಪಕ್ಕದಲ್ಲಿ ನಿಂತಿದ್ದ ಮಗಳು "ಅಪ್ಪಾ, ಕಯಾಕ್!" ಎಂದು ಕಿರುಚಿದಳು.

ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದುಬಿಟ್ಟೆ. ಸ್ಟೀರಿಂಗ್ ತಿರುಗಿಸಿದೆ. ಬೋಟು ತಿರುಗಲಿಲ್ಲ. ಮೂತಿ ಇಳಿದಾಗ ಕಂಡಿತು, ಇಬ್ಬರು ಕೂತಿದ್ದ ಹಳದಿ ಕಯಾಕ್, ಹುಟ್ಟು ಹಾಕಿ ಓಡಿಸುವ ಸಣ್ಣ ದೋಣಿ. ಬಲಗಡೆಗೆ, ಸುಮಾರು ಮೂವತ್ತು ಅಡಿ ದೂರದಲ್ಲಿ. ಯಾರಿಗೂ ಏನೂ ಆಗಲಿಲ್ಲ. ನಮ್ಮ ಅಲೆಗೆ ಅವರು ಒಂದೆರಡು ಸಲ ಜೋರಾಗಿ ಓಲಾಡಿದರು, ಅಷ್ಟೇ. ನಾನು ಕ್ಷಮೆ ಕೇಳಿದೆ. ಕಯಾಕ್‌ನಲ್ಲಿದ್ದ ಹೆಂಗಸು ಏನೂ ಮಾತಾಡಲಿಲ್ಲ, ಸುಮ್ನೆ ನೋಡಿದರು. ಆ ನೋಟ ಇವತ್ತಿಗೂ ಮರೆತಿಲ್ಲ.

ಈ ಬರಹ ಬರೆಯುತ್ತಿರುವುದು ಅದಕ್ಕಾಗಿ. ನಮ್ಮ ಕಡೆಯ ಎಷ್ಟೋ ಸ್ನೇಹಿತರು ಈಗ ಜಾರ್ಜಿಯಾ, ಟೆಕ್ಸಾಸ್, ನಾರ್ತ್ ಕ್ಯಾರೊಲಿನಾ ಕಡೆ ನನ್ನದರಂಥ ಜೆಟ್ ಬೋಟು, ಅಂದರೆ ನೀರನ್ನು ಹಿಂದಕ್ಕೆ ಚಿಮ್ಮಿ ಓಡುವ ಬೋಟು ತಗೊಳ್ಳುತ್ತಿದ್ದಾರೆ. "ಟ್ರಿಮ್ ಟ್ಯಾಬ್ ಹಾಕಿಸಬೇಕಾ, ಸುಮ್ನೆ ಖರ್ಚಲ್ವಾ?" ಎಂದು ಕೇಳುತ್ತಾರೆ. ನನ್ನ ಉತ್ತರ ಒಂದೇ. ಹಾಕಿಸಿ. ಸ್ಪೀಕರ್, ಬಣ್ಣದ ಲೈಟು, ಟವರ್ ಎಲ್ಲಕ್ಕಿಂತ ಮೊದಲು ಹಾಕಿಸಿ.

ಟ್ರಿಮ್ ಟ್ಯಾಬ್ ಎಂದರೆ ಬೋಟಿನ ಹಿಂಬದಿಯ ಗೋಡೆಗೆ, ತಳದ ಅಂಚಿನಲ್ಲಿ, ಎಡಕ್ಕೊಂದು ಬಲಕ್ಕೊಂದು ಕೂರಿಸುವ ಸ್ಟೀಲ್ ತಗಡು. ಬಾಗಿಲಿನ ಹಾಗೆ ಕೀಲಿನಿಂದ ಮೇಲೆ ಕೆಳಗೆ ಆಡುತ್ತದೆ. ಕೆಳಗೆ ಬಾಗಿಸಿದರೆ ಓಡುವ ನೀರು ಅದಕ್ಕೆ ಬಡಿದು ಹಿಂಬದಿಯನ್ನು ಎತ್ತುತ್ತದೆ. ಹಿಂಬದಿ ಎದ್ದರೆ ಮೂತಿ ಇಳಿಯುತ್ತದೆ. ಕೆಲಸ ಇಷ್ಟೇ.

ಹಾಗಾದರೆ ಜೆಟ್ ಬೋಟಿಗೇ ಯಾಕೆ ಇಷ್ಟು ಮುಖ್ಯ? ಔಟ್‌ಬೋರ್ಡ್ ಎಂಜಿನ್, ಅಂದರೆ ಬೋಟಿನ ಹಿಂದೆ ಹೊರಗಡೆ ತಗುಲಿಸಿದ ಎಂಜಿನ್ ಇದ್ದವರು ಒಂದು ಬಟನ್ ಒತ್ತಿ ಎಂಜಿನ್ನನ್ನೇ ಒಳಕ್ಕೆ ಹೊರಕ್ಕೆ ಬಾಗಿಸಬಹುದು. ಪ್ರೊಪೆಲರ್ (ನೀರಲ್ಲಿ ತಿರುಗುವ ಬ್ಲೇಡ್) ತಳ್ಳುವ ಕೋನ ಬದಲಾಗುತ್ತದೆ, ಮೂತಿ ಏಳುತ್ತದೆ ಅಥವಾ ಇಳಿಯುತ್ತದೆ. ನಮ್ಮಂಥವರು ಕೊಳ್ಳುವ ಜೆಟ್ ಬೋಟುಗಳಲ್ಲಿ ಸಾಮಾನ್ಯವಾಗಿ ಆ ಅನುಕೂಲ ಇಲ್ಲ. ನೀರು ಚಿಮ್ಮುವ ನಾಝಲ್ ಎಡಬಲಕ್ಕೆ ತಿರುಗುತ್ತದೆ, ಮೇಲೆ ಕೆಳಗೆ ಆಡುವುದಿಲ್ಲ. ನನ್ನದು 21 ಅಡಿಯ ಬೋಟು. ಎರಡು ಎಂಜಿನ್, ಎರಡೂ ಹಿಂಬದಿಯಲ್ಲೇ. ಜನ ಕೂರಲು ಇಷ್ಟಪಡುವುದೂ ಹಿಂದೆಯೇ. ಭಾರವೆಲ್ಲ ಅಲ್ಲೇ ಸೇರುತ್ತದೆ. ನೀರಿನ ಮೇಲೆ ಚಪ್ಪಟೆಯಾಗಿ ಜಾರಲು ಶುರುವಾಗುವ ಮೊದಲು ಬೋಟು ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕು. ಆ ಹೊತ್ತಲ್ಲಿ ಚಾಲಕನಿಗೆ ಮುಂದೆ ಏನೂ ಕಾಣುವುದಿಲ್ಲ.

ಅದರ ಜೊತೆಗೆ ಇನ್ನೊಂದು ವಿಷಯ. ಜೆಟ್ ಬೋಟಿಗೆ ಚುಕ್ಕಾಣಿ ಇಲ್ಲ. ಚಿಮ್ಮುವ ನೀರಿನಿಂದಲೇ ತಿರುಗಬೇಕು. ಥ್ರಾಟಲ್ ಬಿಟ್ಟರೆ ಸ್ಟೀರಿಂಗ್ ಕೂಡ ಹೋಯಿತು. ನಾನು ಆ ದಿನ ಮಾಡಿದ್ದು ಇದನ್ನೇ. ಹೆದರಿ ಥ್ರಾಟಲ್ ಎಳೆದೆ, ತಿರುಗುವ ಶಕ್ತಿಯನ್ನೂ ಕಳೆದುಕೊಂಡೆ. ಮುಂದೆ ಕಾಣದ ಬೋಟು, ಹೆದರಿದಾಗ ತಿರುಗದ ಬೋಟು. ಎರಡೂ ಒಟ್ಟಿಗೆ ಸೇರುವುದು ಅಪಾಯ.

ಜೆಟ್ ಬೋಟನ್ನು ದೂರಲು ಇದನ್ನು ಬರೆಯುತ್ತಿಲ್ಲ. 1950ರ ದಶಕದಲ್ಲಿ ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ ಇದನ್ನು ರೂಪಿಸಿದ್ದು ಅಲ್ಲಿನ ಕಲ್ಲು ತುಂಬಿದ, ಮೊಣಕಾಲು ಮುಳುಗದ ನದಿಗಳಲ್ಲಿ ಓಡಾಡಲು. 1960ರಲ್ಲಿ ಅವರ ಜೆಟ್ ಬೋಟುಗಳು ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಕೊಲರಾಡೊ ನದಿಯ ಹರಿವಿಗೆ ಎದುರಾಗಿ ಮೇಲಕ್ಕೆ ಹೋದವು. ತಳದ ಕೆಳಗೆ ತಿರುಗುವ ಬ್ಲೇಡ್ ಇಲ್ಲ ಎಂಬ ಒಂದೇ ಕಾರಣಕ್ಕೆ ನಾನೂ ಮಕ್ಕಳಿಗಾಗಿ ಇದನ್ನೇ ಆರಿಸಿದೆ. ಈಗಲೂ ಅದನ್ನೇ ಆರಿಸುತ್ತೇನೆ. (ನೀರು ಒಳಗೆ ಎಳೆದುಕೊಳ್ಳುವ ಬಾಯಿ ತಳದಲ್ಲಿರುತ್ತದೆ. ಉದ್ದ ಕೂದಲು, ಹಗ್ಗ ಎಲ್ಲ ಅದಕ್ಕೆ ಸಿಗಬಹುದು. ಎಂಜಿನ್ ಆಫ್ ಮಾಡದೆ ಯಾರನ್ನೂ ನೀರಿಗೆ ಇಳಿಸಬೇಡಿ.)

ಕಯಾಕ್ ಘಟನೆ ಆದ ಮೇಲೆ ಮೊದಲು ಭಾರ ಸರಿಮಾಡಿದೆ. ನಾನು ಹುಟ್ಟಿದ್ದು ಗಂಗೊಳ್ಳಿ ಹತ್ತಿರ. ಚಿಕ್ಕವನಿದ್ದಾಗ ಹೊಳೆ ದಾಟಿ ಕುಂದಾಪುರಕ್ಕೆ ಹೋಗಲು ದೋಣಿ ಹತ್ತಿದರೆ ದೋಣಿಯವರು ಯಾರು ಎಲ್ಲಿ ಕೂರಬೇಕು ಎಂದು ಕಣ್ಣಲ್ಲೇ ತೂಕ ಹಾಕುತ್ತಿದ್ದರು. ದಪ್ಪಗಿದ್ದವರು ನಡುವೆ, ಮೀನಿನ ಬುಟ್ಟಿ ಆ ಕಡೆ, ಮಕ್ಕಳು ಈ ಕಡೆ. ಯಾರೂ ಎದುರು ಮಾತಾಡುತ್ತಿರಲಿಲ್ಲ. ನಾನು ಮಾಡಿದ್ದೂ ಅದನ್ನೇ. ಐಸ್ ಪೆಟ್ಟಿಗೆ, ಲಂಗರು, ನೀರಿನ ಬಾಟಲಿ ಎಲ್ಲ ಮುಂದಕ್ಕೆ ಸರಿಸಿದೆ. ಹೊರಡುವಾಗ ದೊಡ್ಡವರಿಬ್ಬರು ಮುಂದಿನ ಸೀಟಿನಲ್ಲಿ ಕೂರಬೇಕು ಎಂದು ನಿಯಮ ಮಾಡಿದೆ. ಸ್ವಲ್ಪ ವ್ಯತ್ಯಾಸ ಆಯಿತು. ಆದರೆ ಬೋಟಿನಲ್ಲಿ ಜನ ಒಂದೇ ಕಡೆ ಕೂರುವುದಿಲ್ಲ, ಅದರಲ್ಲೂ ಮಕ್ಕಳು. ಹಾಗಾಗಿ ಟ್ಯಾಬ್ ಹಾಕಿಸಲು ನಿರ್ಧರಿಸಿದೆ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಜೆಟ್ ಬೋಟಿನ ಅನುಭವ ಇದೆಯಾ ಎಂದು ಕೇಳದೆ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಹೆಸರು ಹೇಳುವುದಿಲ್ಲ. ಅವರು ಪ್ರೊಪೆಲರ್ ಬೋಟಿಗೆ ಹಾಕುವ ಹಾಗೆ ಅಳತೆ ಹಿಡಿದು ಹಾಕಿದರು. ಮುಂದಕ್ಕೆ ಓಡುವಾಗ ಚೆನ್ನಾಗಿಯೇ ಇತ್ತು. ರಿವರ್ಸ್ ಹಾಕಿದಾಗ ಗೊತ್ತಾಯಿತು. ಜೆಟ್ ಬೋಟಿನಲ್ಲಿ ರಿವರ್ಸ್ ಎಂದರೆ ನಾಝಲ್ ಹಿಂದೆ ಒಂದು ಬಕೆಟ್ ಇಳಿಯುತ್ತದೆ. ಅದು ಚಿಮ್ಮುವ ನೀರನ್ನು ತಡೆದು ಮುಂದಕ್ಕೆ, ಕೆಳಕ್ಕೆ ತಿರುಗಿಸುತ್ತದೆ. ನನ್ನ ಟ್ಯಾಬ್‌ಗಳು ನಾಝಲ್‌ಗೆ ಎಷ್ಟು ಹತ್ತಿರ ಇದ್ದವೆಂದರೆ ಆ ನೀರು ನೇರ ತಗಡಿಗೆ ಬಡಿಯುತ್ತಿತ್ತು. ಬೋಟು ಹಿಂದಕ್ಕೆ ಬರಲೇ ಇಲ್ಲ, ಬೋಟು ಕಟ್ಟುವ ಡಾಕ್ ಪಕ್ಕ ಸುಮ್ನೆ ಅಡ್ಡ ತಿರುಗಿತು. ಮತ್ತೆ ಅವರ ಹತ್ತಿರ ಹೋದೆ. "ಜೆಟ್ ಬೋಟು ಇರೋದೇ ಹೀಗೆ" ಎಂದರು. ಅಲ್ಲ, ಹಾಗಲ್ಲ.

ಮುಂದಿನ ಫೆಬ್ರವರಿಯಲ್ಲಿ ಎಲ್ಲ ಬಿಚ್ಚಿದೆ. ಹಳೆಯ ತೂತುಗಳನ್ನು ಉಜ್ಜಿ, ಒಣಗಿಸಿ, ಗಟ್ಟಿ ಎಪಾಕ್ಸಿ ತುಂಬಿದೆ. ಆಮೇಲೆ ಕೆಲಸ ನಾನೇ ಕೈಗೆ ತಗೊಂಡೆ. ಭಾವ ಆಗ ಮತ್ತೆ ಬಂದಿದ್ದರು. ಶಿವಮೊಗ್ಗದಲ್ಲಿ ಲೇತ್ ಕೆಲಸ ಮಾಡಿ ಅಭ್ಯಾಸ ಇರುವವರು. ನಾನು ಡ್ರಿಲ್ ಕೈಗೆತ್ತಿಕೊಂಡರೆ, "ಭಾವ, ತಡೀರಿ. ಇನ್ನೊಂದ್ಸಲ ಅಳೀರಿ. ಇದು ಗೋಡೆಗೆ ಮೊಳೆ ಹೊಡೆದಂಗಲ್ಲ" ಎನ್ನುತ್ತಿದ್ದರು. ಒಂದೊಂದು ತೂತಿಗೂ ಮೂರು ಸಲ ಅಳೆದೆವು.

ಈ ಅಳತೆಯೇ ಮುಖ್ಯವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಟ್ಯಾಬ್‌ನ ಅಗಲಕ್ಕೆ ಒಂದು ಸಾಮಾನ್ಯ ಲೆಕ್ಕ ಇದೆ. ಬೋಟಿನ ಪ್ರತಿ ಅಡಿ ಉದ್ದಕ್ಕೆ ಒಂದು ಬದಿಯ ಟ್ಯಾಬ್ ಒಂದು ಇಂಚು ಅಗಲ. ಅಂದರೆ ನನ್ನ 21 ಅಡಿಗೆ ಒಂದೊಂದು ಬದಿಗೂ 21 ಇಂಚು ಬೇಕು. ಆದರೆ ನಡುವೆ ಎರಡು ನಾಝಲ್ ಇದ್ದರೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಅಗಲಕ್ಕೆ ಜಾಗ ಇಲ್ಲದಿದ್ದರೆ ಹಿಂದಕ್ಕೆ ಚಾಚುವ ಉದ್ದ ಹೆಚ್ಚಿರುವ ಟ್ಯಾಬ್ ತಗೊಳ್ಳಬೇಕು. ಮಾಮೂಲಿ 9 ಇಂಚು ಉದ್ದದ್ದರ ಬದಲು ನಾನು 12 ಇಂಚು ಅಗಲ, 12 ಇಂಚು ಉದ್ದದ ಜೋಡಿ ತಂದೆ. ಮೊದಲು ರಟ್ಟು ಕತ್ತರಿಸಿ ಟ್ಯಾಬ್‌ನ ಅಚ್ಚು ಮಾಡಿ ಬೋಟಿಗೆ ಟೇಪ್ ಹಚ್ಚಿದೆವು. ರಿವರ್ಸ್ ಬಕೆಟ್ ಇಳಿಸಿ, ಸ್ಟೀರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ನೀರು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಉದ್ದ ಕೋಲು ಹಿಡಿದು ನೋಡಿದೆವು. ರಟ್ಟು ಆ ದಾರಿಗೆ ಅಡ್ಡ ಬರದ ಹಾಗೆ ಹೊರಕ್ಕೆ ಸರಿಸಿದೆವು. ಹಾಗೆಂದು ತೀರಾ ಅಂಚಿಗೂ ಹೋಗಬಾರದು. ತಳ ಮತ್ತು ಬದಿ ಕೂಡುವ ಅಂಚಿನಿಂದ ಮೂರು ಇಂಚು ಒಳಗೆ ಬಿಟ್ಟೆವು. ಟ್ಯಾಬ್‌ನ ಕೀಲು ತಳಕ್ಕಿಂತ ಕಾಲು ಇಂಚಿನಷ್ಟು ಮೇಲೆ. ತಳಕ್ಕಿಂತ ಕೆಳಗೆ ಜೋತುಬಿದ್ದರೆ ಯಾವಾಗಲೂ ನೀರಿಗೆ ಅಡ್ಡವಾಗುತ್ತದೆ.

ನೀರಿನ ಮಟ್ಟಕ್ಕಿಂತ ಕೆಳಗೆ ತೂತು ಕೊರೆಯುವುದು ಎಂದರೆ ಎಲ್ಲರಿಗೂ ಭಯ. ನನಗೂ ಇತ್ತು. ಗೋಡೆಯ ಒಳಗೆ ಮರ ಇದೆಯೋ ಫೋಮ್ ಇದೆಯೋ ಮೊದಲು ತಿಳಿದುಕೊಳ್ಳಬೇಕು. ಒಳಗೆ ನೀರು ಇಳಿದರೆ ನಿಧಾನವಾಗಿ ಕೊಳೆಯುವುದು ಅಲ್ಲೇ. ಗುರುತಿನ ಮೇಲೆ ಟೇಪ್ ಹಚ್ಚಿ, ಡ್ರಿಲ್ಲನ್ನು ಮೊದಲು ಉಲ್ಟಾ ತಿರುಗಿಸಿ ಹೊರಗಿನ ಹೊಳಪಿನ ಪದರವನ್ನು ಸವೆಸಿದರೆ ಅದು ಬಿರುಕು ಬಿಡುವುದಿಲ್ಲ. ಪ್ರತಿ ತೂತಿಗೂ, ಪ್ರತಿ ಸ್ಕ್ರೂಗೂ ಬೋಟಿಗೆಂದೇ ಮಾಡಿದ, ನೀರು ತಡೆಯುವ ಸೀಲಂಟ್ ತುಂಬಿದೆವು. 3ಎಮ್ ಕಂಪನಿಯ 5200 ಎಂಬ ಸೀಲಂಟ್ ಹಾಕಿದರೆ ಮುಂದೆ ಬಿಚ್ಚುವುದು ತುಂಬಾ ಕಷ್ಟ. ಅದಕ್ಕೆ 4200 ಬಳಸಿದೆ. ಇನ್ನೊಂದು ಸಲ ಬಿಚ್ಚುವ ಪರಿಸ್ಥಿತಿ ಬಂದರೆ ಎಂಬ ಆಲೋಚನೆ. ಫೆಬ್ರವರಿಯ ಚಳಿ ಇದ್ದದ್ದರಿಂದ ಗ್ಯಾರೇಜಿನಲ್ಲಿ ಹೀಟರ್ ಇಟ್ಟು, ಪೂರ್ತಿ ಒಂದು ವಾರ ಒಣಗಲು ಬಿಟ್ಟು, ಆಮೇಲೆ ನೀರಿಗೆ ಇಳಿಸಿದೆ.

ಟ್ಯಾಬ್ ಆಡಿಸಲು ಎಲೆಕ್ಟ್ರಿಕ್ ಅಥವಾ ಹೈಡ್ರಾಲಿಕ್ (ಎಣ್ಣೆಯ ಒತ್ತಡದ್ದು), ಎರಡೂ ಸಿಗುತ್ತವೆ. ಪಂಪು, ಎಣ್ಣೆಯ ಪೈಪು ಕೂರಿಸಲು ನನ್ನ ಬೋಟಿನಲ್ಲಿ ಜಾಗ ಇರಲಿಲ್ಲ, ಎಲೆಕ್ಟ್ರಿಕ್ ಹಾಕಿದೆ. ಸ್ವಿಚ್ ತಗೊಳ್ಳುವಾಗ ಒಂದು ವಿಷಯ ನೋಡಿ. ಕೀ ಆಫ್ ಮಾಡಿದ ತಕ್ಷಣ ಟ್ಯಾಬ್ ತಾನೇ ಮೇಲೆ ಹೋಗುವಂಥದ್ದು ಇರಲಿ. ಜೆಟ್ ಬೋಟಿನ ಹಿಂಬದಿ ಎಂದರೆ ಮಕ್ಕಳು ಈಜಿ ಬಂದು ಹತ್ತುವ ಜಾಗ. ಕೆಳಗೆ ಬಾಗಿದ ತಗಡಿನ ಅಂಚು ಅವರ ಕಾಲಿಗೆ ತಾಗಬಾರದು. ಮೇಲೆ ಹೋದರೂ ಅದರ ಮೇಲೆ ಕಾಲಿಡಬಾರದು ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ.

ಕಡಿಮೆ ಖರ್ಚಿನಲ್ಲಿ ಆಗಬೇಕೆಂದರೆ ಗ್ಯಾಸ್ ಸ್ಪ್ರಿಂಗ್ ಇರುವ ಟ್ಯಾಬ್‌ಗಳೂ ಇವೆ. ವೈರ್ ಬೇಡ, ಸ್ವಿಚ್ ಬೇಡ. ನಿಧಾನ ಹೋಗುವಾಗ ಸ್ಪ್ರಿಂಗ್ ಕೆಳಗೆ ಒತ್ತುತ್ತದೆ, ವೇಗ ಹೆಚ್ಚಿದಾಗ ನೀರೇ ಅದನ್ನು ಮೇಲೆ ತಳ್ಳುತ್ತದೆ. ಏನೂ ಇಲ್ಲದಿರುವುದಕ್ಕಿಂತ ಇದು ಎಷ್ಟೋ ವಾಸಿ. ಆದರೆ ಎಡಬಲ ಬೇರೆ ಬೇರೆ ಹೊಂದಿಸಲು ಆಗುವುದಿಲ್ಲ. ರಿವರ್ಸ್‌ನಲ್ಲಿ ಕೆಳಗೇ ಇರುತ್ತದೆ. ಹಾಗಾಗಿ ರಿವರ್ಸ್ ಬಕೆಟ್ ತಿರುಗಿಸುವ ನೀರಿಗೆ ಅಡ್ಡ ಬರದ ಹಾಗೆ ಅಳೆಯುವುದು ಇಲ್ಲಿ ಇನ್ನೂ ಮುಖ್ಯ.

ಬಳಸಲು ಕಲಿಯುವುದಕ್ಕೂ ಒಂದೆರಡು ವಾರ ಕೊಡಿ. ಸ್ವಿಚ್ ಇರುವುದು ಮೂತಿಯ ಲೆಕ್ಕಕ್ಕೆ. ಎಡ ಮೂತಿ ಇಳಿಸು ಎಂದು ಒತ್ತಿದರೆ ಇಳಿಯುವುದು ಬಲಗಡೆಯ ಟ್ಯಾಬ್. ವೈರಿಂಗ್ ಮಾಡುವಾಗ ಇದರಲ್ಲೇ ನಾನು ಒಂದು ಸಂಜೆ ಕಳೆದೆ. ಹೊರಡುವಾಗ ಎರಡನ್ನೂ ಇಳಿಸಿ. ಬೋಟು ಸಮ ಆದ ಮೇಲೆ ಸ್ವಲ್ಪ ಸ್ವಲ್ಪವೇ ಎತ್ತಿ. ಜಾಸ್ತಿ ಇಳಿಸಿಟ್ಟುಕೊಂಡು ಓಡಿದರೆ ಮೂತಿ ನೀರಿಗೆ ಕಚ್ಚಿ ಬೋಟನ್ನು ಅಡ್ಡ ಎಳೆಯುತ್ತದೆ. ಅಲೆ ಎದುರಿಂದ ಬರುವಾಗ ಸ್ವಲ್ಪ ಇಳಿಸಿದರೆ ಬಡಿತ ಕಡಿಮೆ. ಅಲೆ ಹಿಂದಿನಿಂದ ಬರುವಾಗ ಪೂರ್ತಿ ಎತ್ತಲೇಬೇಕು. ರಿವರ್ಸ್ ಹಾಕುವ ಮೊದಲೂ ಎತ್ತಬೇಕು.

ಈಗಿನ ಲೆಕ್ಕ ಹೇಳುತ್ತೇನೆ. ಮೊದಲು ಎಂಟು ಜನ ಇದ್ದಾಗ ಗಂಟೆಗೆ 21 ಮೈಲಿ ದಾಟಿದ ಮೇಲೆ ಮೂತಿ ಇಳಿಯುತ್ತಿತ್ತು. ಈಗ 15ಕ್ಕೇ ಇಳಿಯುತ್ತದೆ, 15ರಲ್ಲೇ ಓಡುತ್ತಿದ್ದರೂ ಮತ್ತೆ ಏಳುವುದಿಲ್ಲ. ವಾರಾಂತ್ಯದ ಲೇನಿಯರ್ ನೋಡಿದವರಿಗೆ ಇದರ ಬೆಲೆ ಗೊತ್ತು. ಎಲ್ಲ ಕಡೆಯಿಂದ ಬೋಟು, ಎಲ್ಲ ಕಡೆಯಿಂದ ಅಲೆ. ಅಂಥ ಕಡೆ ನಿಧಾನವಾಗಿ, ಮುಂದೆ ನೋಡಿಕೊಂಡು ಹೋಗಲು ಆಗಬೇಕು. ಜಾರ್ಜಿಯಾದಲ್ಲಿ ಈಜುವವರ, ಡಾಕಿನ, ಮನೆ ಅಥವಾ ಜನ ಸೇರುವ ಜಾಗ ಇರುವ ದಡದ 100 ಅಡಿ ಒಳಗೆ ತೀರಾ ನಿಧಾನವಾಗಿ ಹೋಗಬೇಕು ಎಂಬ ಕಾನೂನಿದೆ. ಒಳ್ಳೆಯ ಕಾನೂನು. ಆದರೆ ಮುಂದೆ ಯಾರಿದ್ದಾರೆ ಎಂದೇ ಕಾಣದಿದ್ದರೆ ಆ 100 ಅಡಿಯನ್ನು ಅಳೆಯುವುದು ಹೇಗೆ?

ಬೋಟು ಮಾಡುವ ಕಂಪನಿಗಳ ಮೇಲೂ ನನಗೆ ಸಿಟ್ಟಿದೆ. ಯಾವುದೋ ಒಂದು ಕಂಪನಿ ಅಂತಲ್ಲ. ಹೊಸ ಬೋಟಿನಲ್ಲಿ ಹಾಡು ಕೇಳಲು ಬೇಕಾದ್ದೆಲ್ಲ ಇರುತ್ತದೆ, ಲೋಟ ಇಡಲು ಹತ್ತು ಜಾಗ ಇರುತ್ತದೆ. ಮುಂದೆ ನೋಡಲು ಬೇಕಾದ ಎರಡು ತಗಡನ್ನು ಮಾತ್ರ ಎಷ್ಟೋ ಬೋಟುಗಳಿಗೆ ನಾವೇ ಹುಡುಕಿ ಹಾಕಿಸಿಕೊಳ್ಳಬೇಕು. ಇದು ತಪ್ಪು. ಮೂತಿ ಇಷ್ಟು ಏಳುವ ಬೋಟಿಗೆ ಇವು ಕಾರ್ಖಾನೆಯಿಂದಲೇ ಬರಬೇಕು.

ನಮ್ಮ ರಟ್ಟಿನ ಅಚ್ಚು ಇನ್ನೂ ಗ್ಯಾರೇಜಿನಲ್ಲಿದೆ, ಅಳತೆಯೆಲ್ಲ ಭಾವ ಅದರ ಮೇಲೇ ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ಅಟ್ಲಾಂಟಾ ಸುತ್ತಮುತ್ತ ಇರುವವರು, 21 ಅಡಿಯ ಆಸುಪಾಸಿನ ಬೋಟಿದ್ದರೆ, ಬಂದು ತಗೊಂಡು ಹೋಗಿ. ನಿಮ್ಮ ನಾಝಲ್‌ಗೆ ಹಿಡಿದು ನೋಡಿ, ಬೇಕಾದಷ್ಟು ಕತ್ತರಿಸಿಕೊಳ್ಳಿ. ಡ್ರಿಲ್ ಹಿಡಿಯುವ ದಿನ ಕರೆದರೆ ನಾನೂ ಬರುತ್ತೇನೆ.