ಯಾವ ಊರಿನವರ ಒಪ್ಪಿಗೆ?

ಕೆಲಸ, ಶಾಲೆ, ಆಸ್ಪತ್ರೆ ಕೊಟ್ಟರೆ ಗಣಿ ಕಂಪನಿಗೆ ಊರಿನವರ ಒಪ್ಪಿಗೆ ತಾನಾಗಿ ಸಿಗುತ್ತದೆ ಎಂದು ಗಣಿಗಾರಿಕೆ ಕುರಿತ ನಿಮ್ಮ ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಯಾವ ಊರಿನವರು ಅಂತ ಮೊದಲು ಕೇಳಬೇಕಲ್ವಾ?

ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯನ್ನೇ ನೋಡಿ. ಕಂಪನಿಯ ಟೌನ್‌ಶಿಪ್‌ನಲ್ಲಿ ನೌಕರರಿಗೆ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ ಎಲ್ಲ ಇತ್ತು. ಅಲ್ಲಿದ್ದವರಿಗೆ ಗಣಿ ಅನ್ನ ಕೊಟ್ಟಿತು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಮಳೆಗಾಲದಲ್ಲಿ ಗಣಿಯ ಹೂಳು ಭದ್ರಾ ನದಿಗೆ ಇಳಿಯುತ್ತಿತ್ತು. ಕೆಳಗೆ ಕಳಸ, ಬಾಳೆಹೊನ್ನೂರು, ಅದರಾಚೆ ಲಕ್ಕವಳ್ಳಿ ಅಣೆಕಟ್ಟಿನ ನೀರನ್ನೇ ನಂಬಿದ ರೈತರು. ಟೌನ್‌ಶಿಪ್‌ನ ಆಸ್ಪತ್ರೆಯಿಂದ ಇವರಿಗೆ ಏನು ಬಂತು? ಇವರನ್ನು ಕೇಳಿದವರು ಯಾರು? ಕೊನೆಗೆ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2002ರ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು.

ಅಲ್ಲಿಗೆ ಜಗಳ ಮುಗಿಯಿತು ಅನ್ನುವುದೂ ಸರಿಯಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ತಲೆಮಾರುಗಳಿಂದ ಗದ್ದೆ ಮಾಡಿಕೊಂಡು ಬಂದ ಕುಟುಂಬಗಳ ಮೇಲೆ ಜಾಗ ಬಿಡುವ ಒತ್ತಡ ಬಿತ್ತು. ಬೆಟ್ಟ ಅಗೆಯಲು 30 ವರ್ಷಕ್ಕೆ ಲೀಸ್ ಕೊಟ್ಟಿದ್ದು ಸರ್ಕಾರವೇ. ಅದೇ ಸರ್ಕಾರ ಒಂದೆರಡು ಎಕರೆಯ ರೈತನಿಗೆ ಕಾಡು ಉಳಿಸುವ ಪಾಠ ಹೇಳಿದರೆ ಅವನು ಹೇಗೆ ನಂಬುತ್ತಾನೆ? ಇತ್ತ ಕೆಲಸ ಹೋದ ಗುತ್ತಿಗೆ ಕಾರ್ಮಿಕರ ಪಾಡು ಬೇರೆಯೇ. ಕಾಯಂ ನೌಕರರಿಗೆ ಇದ್ದ ಭದ್ರತೆ ಅವರಿಗೆ ಎಲ್ಲಿತ್ತು?

ಲೇಖನದಲ್ಲಿ ಕಂಪನಿಯವರ ಮಾತಿದೆ, ಕಾಯಂ ನೌಕರರ ಮಾತಿದೆ. ನದಿಯ ಕೆಳಗಿನವರ, ಕಾಡಿನ ಒಳಗಿನವರ ಒಂದು ಮಾತೂ ಇಲ್ಲ. ದಯವಿಟ್ಟು ಅವರನ್ನೂ ಮಾತಾಡಿಸಿ ಬರೆಯಿರಿ.