ಒಂದೇ ಬೀಜ

ತೋಟದಿಂದ ವಾರವಾರ ಬರುವ ತರಕಾರಿ ಬುಟ್ಟಿಯಲ್ಲಿ ಈ ಗುರುವಾರ ಏಳು ಸೀಮೆಬದನೆಕಾಯಿ. ಹೋದ ವಾರ ಐದಿದ್ದವು. ಜೊತೆಗೆ ತೂತು ಬಿದ್ದ ಹರಿವೆ, ಸೊಟ್ಟ ಪಡವಲ, ಬಲಿತ ಬೆಂಡೆ. ಗೊಣಗಿದರೆ, "ಸಾರ್, ಹುಳ ತಿಂದಿದೆ ಎಂದರೆ ವಿಷ ಹಾಕಿಲ್ಲ ಎಂದೇ ಅರ್ಥ" ಎನ್ನುತ್ತಾನೆ ತೋಟದ ಗಾಡಿಯ ಹುಡುಗ. ಹುಳ ತಿಂದು ಮಿಕ್ಕಿದ್ದಕ್ಕೆ ನಾನು ಪೂರ್ತಿ ದುಡ್ಡು ಕೊಡುತ್ತೇನೆ. ಹುಳದಿಂದ ಯಾರೂ ವಸೂಲು ಮಾಡಿದಂತಿಲ್ಲ.

ಪೂರ್ತಿಯಲ್ಲ, ಅರ್ಧ. ಉಳಿದರ್ಧ ಕೆಳಗಿನ ಮನೆಯವರದು. ನನ್ನ ಹೆಂಡತಿಯೂ ಆ ಮನೆಯ ಸೊಸೆಯೂ ಮೆಟ್ಟಿಲ ಮೇಲೆ ನಿಂತು ಮಾಡಿಕೊಂಡ ಒಪ್ಪಂದ. ಹಂಚುವ ಕೆಲಸ ನನಗೆ ಬಂತು. ನಿವೃತ್ತನಾದವನನ್ನು ಇಂಥವು ತಾವಾಗಿಯೇ ಹುಡುಕಿಕೊಂಡು ಬರುತ್ತವೆ.

ಒಪ್ಪಂದದ ಹೊತ್ತಿನಲ್ಲಿ ಇಬ್ಬರೂ ಮರೆತದ್ದು ಆ ಮನೆಯ ಅಜ್ಜಿಯ ಚಾತುರ್ಮಾಸ್ಯವನ್ನು, ತಿಂಗಳಿಗೊಂದು ಬಗೆಯ ಆಹಾರ ಬಿಡುವ ನಾಲ್ಕು ತಿಂಗಳ ವ್ರತವನ್ನು. ಅಜ್ಜಿಯ ವ್ರತವೆಂದರೆ ಇಡೀ ಮನೆಯ ವ್ರತ. ಎರಡೆರಡು ಅಡುಗೆ ಮಾಡುವವರು ಯಾರು? ಹೋದ ವರ್ಷ ಆಷಾಢದ ಏಕಾದಶಿಗೆ ಶಾಕವ್ರತ ಹಿಡಿದರು. ಒಂದು ತಿಂಗಳು ತರಕಾರಿಯೇ ಇಲ್ಲ. ಅವರ ಅರ್ಧ ಹಣ ಮಾತ್ರ ತಪ್ಪದೆ ಬಂತು, ಹಾಗಲಕಾಯಿಯೆಲ್ಲ ನನ್ನ ಎಲೆಗೇ ಬಿತ್ತು. ಆಮೇಲೆ ಮೊಸರು ಬಿಟ್ಟರು, ಹಾಲು ಬಿಟ್ಟರು, ನಮಗೇನೂ ಬಾಧಕವಾಗಲಿಲ್ಲ. ವಿಜಯದಶಮಿ ಕಳೆದದ್ದೇ ದ್ವಿದಳವ್ರತ ಬಂತು ನೋಡಿ. ಬೇಳೆಕಾಳು ಕೂಡದು, ಬಹುಬೀಜದ ತರಕಾರಿಯೂ ಕೂಡದು.

ಅಜ್ಜಿ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಮೆಟ್ಟಿಲ ಮೇಲೆ, ಕಟಕಟೆಯಲ್ಲಿ ನಿಂತವನಂತೆ, ಒಂದೊಂದೇ ಎತ್ತಿ ತೋರಿಸಿದೆ.

"ಬದನೆ?"

"ಬೀಜದ ಚೀಲ."

"ಹೀರೆ?"

"ಒಳಗೆ ನೋಡಿದ್ದೀಯಾ?"

ಬೆಂಡೆಗೆ ಅವರು ಉತ್ತರವನ್ನೇ ಕೊಡಲಿಲ್ಲ. ಕೊನೆಗೆ ಸೀಮೆಬದನೆ ಎತ್ತಿದೆ. ಗೆಲುವು ಖಚಿತವೆನಿಸಿತ್ತು.

"ಅಮ್ಮಾ, ಇದಕ್ಕೆ ಒಂದೇ ಬೀಜ."

"ಹೆಸರಲ್ಲೇ ಬದನೆ ಇದೆಯಲ್ಲಪ್ಪ."

"ಹೆಸರಷ್ಟೇ. ಇದು ಸೌತೆಯ ಬಳಗ."

"ಸೌತೆಗೆ ಬೀಜವಿಲ್ಲವೇ?"

ಚಾಕು ತರಿಸಿ ಅಲ್ಲೇ ಸೀಳಿದೆ. ನಡುವೆ ಚಪ್ಪಟೆಯಾದ ಒಂದೇ ಒಂದು ಬಿಳಿಯ ಬೀಜ. ಅಜ್ಜಿ ಕನ್ನಡಕ ಏರಿಸಿ ನೋಡಿ, "ಒಂದೇ, ನಿಜ. ಆದರೆ ಸೀಮೆಯದು. ವ್ರತದಲ್ಲಿ ನಮ್ಮತ್ತೆ ಇದನ್ನು ಮುಟ್ಟುತ್ತಿರಲಿಲ್ಲ" ಎಂದರು. ಅದರ ತವರು ಮೆಕ್ಸಿಕೋ ಕಡೆ ಎಂಬುದೇನೋ ಸರಿ. ಮೆಣಸಿನಕಾಯಿಯೂ ಅತ್ತಲಿಂದಲೇ ಬಂದದ್ದು, ಉಳಿದ ಎಂಟು ತಿಂಗಳು ಅದಿಲ್ಲದೆ ಇವರ ಗೊಜ್ಜು ಇಳಿಯುವುದಿಲ್ಲ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಎಂಬತ್ತೈದು ದಾಟಿದವರ ಹತ್ತಿರ ಭೂಗೋಳ ಮಾತಾಡಬಾರದು.

ಬುಟ್ಟಿಯ ತಳದಲ್ಲಿ ಮೊಳಕೆಯೊಡೆದ ಕಾಯಿಯೊಂದಿತ್ತು. ಎಸೆಯಹೋದೆ. "ಹುಟ್ಟಿರುವುದನ್ನು ಎಸೆಯುತ್ತಾರೆಯೇ?" ಎಂದು ಗದರಿಸಿ ಅದೊಂದನ್ನು ಇಸಿದುಕೊಂಡರು. ಮೊಮ್ಮಗನ ಕೈಯಲ್ಲಿ ಕಾಂಪೌಂಡಿನ ಮೂಲೆಗೆ ಇಡೀ ಕಾಯನ್ನೇ ನೆಡಿಸಿದರು.

ಆ ಬಳ್ಳಿ ಈಗ ನಮ್ಮ ಬಾಲ್ಕನಿಯ ಕಂಬಿ ಹತ್ತಿ, ಬಟ್ಟೆ ಒಣಗಿಸುವ ಹಗ್ಗವನ್ನೂ ಹಿಡಿದಿದೆ. ನನ್ನ ಪಂಚೆಯ ಪಕ್ಕದಲ್ಲಿ ಹದಿನಾಲ್ಕು ಕಾಯಿ ತೂಗುತ್ತಿವೆ. ಬುಟ್ಟಿಯ ಏಳು ಬೇರೆ. ಅಜ್ಜಿ ಈ ವರ್ಷವೂ ವ್ರತದಲ್ಲಿದ್ದಾರೆ.

"ಬಳ್ಳಿ ನಿಮ್ಮದು, ಅರ್ಧ ಕಳಿಸಲೇ ಅಮ್ಮಾ?" ಎಂದು ನಿನ್ನೆ ಮೇಲಿನಿಂದಲೇ ಕೂಗಿ ಕೇಳಿದೆ.

"ಉತ್ಥಾನ ದ್ವಾದಶಿ ಕಳೆಯಲಪ್ಪ" ಎಂದರು.

ಪಂಚಾಂಗ ತೆಗೆದು ನೋಡಿದೆ. ವ್ರತ ಮುಗಿಯುವ ಆ ದ್ವಾದಶಿಗೆ ಇನ್ನೂ ಹತ್ತೊಂಬತ್ತು ದಿನ. ನಡುವೆ ಎರಡು ಗುರುವಾರ.