ವೇದಿಕೆ ಬಂತು, ಹೊಲ ಊರಲ್ಲೇ ಉಳಿಯಿತು

"ಮಕ್ಕಳ ಕಾರ್ಯಕ್ರಮ ಯಾವಾಗ ಶುರುವಾಗುತ್ತದೆ?" ಎಂದು ಆಕೆ ಕೇಳಿದಾಗ ವೇದಿಕೆಯ ಮೇಲೆ ಮಕ್ಕಳ ನೃತ್ಯಗಳೆಲ್ಲ ಮುಗಿದು, ಅತಿಥಿಗಳಿಗೆ ಶಾಲು ಹೊದಿಸುವುದು ನಡೆದಿತ್ತು. ಜರ್ಮನಿಯ ರೈನ್ ನದಿಯ ದಡದ ಊರೊಂದರಲ್ಲಿ ನಾವು ಕನ್ನಡಿಗರು ಆಚರಿಸಿದ ರಾಜ್ಯೋತ್ಸವ ಅದು. ಮಗಳ ಕಿಂಡರ್‌ಗಾರ್ಟನ್ ಗೆಳತಿಯನ್ನೂ ಅವಳ ತಾಯಿಯನ್ನೂ ನಾವೇ ಪ್ರೀತಿಯಿಂದ ಕರೆದಿದ್ದೆವು. ಆಕೆಯ ಮಾತಿನಲ್ಲಿ ಕೊಂಕಿರಲಿಲ್ಲ. ಕುಣಿದ ಮಕ್ಕಳಿಗೆಲ್ಲ ಮನಸಾರೆ ಚಪ್ಪಾಳೆ ತಟ್ಟಿದ್ದರು. ಇದು ದೊಡ್ಡವರು ನೋಡಲೆಂದು ಮಕ್ಕಳು ಮಾಡಿದ್ದು, ಇನ್ನು ಮಕ್ಕಳಿಗಾಗಿ ಏನೋ ಇದ್ದೇ ಇರುತ್ತದೆ ಎಂದು ನಂಬಿ ಕಾಯುತ್ತಿದ್ದರು. ನನಗೆ ಉತ್ತರ ಹೊಳೆಯಲಿಲ್ಲ. ಈಗ ಊಟ ಇದೆ ಎಂದೆ.

ನನ್ನ ಮಗಳ ಆ ದಿನ ಹೇಗಿತ್ತು ನೋಡಿ. ಮಧ್ಯಾಹ್ನವೇ ಅವಳಿಗೆ ಮೊಗ್ಗಿನ ಜಡೆ ಹಾಕಿ, ಸೀರೆಯ ನೆರಿಗೆಗೆ ಪಿನ್ನುಗಳನ್ನು ಚುಚ್ಚಿ, ಕೆನ್ನೆಗೂ ತುಟಿಗೂ ಬಣ್ಣ ಬಳಿದಾಯಿತು. ತುಟಿಯ ಬಣ್ಣ ಹೋಗುತ್ತದೆಂದು ಬಿಸ್ಕತ್ತು ಕೂಡ ಕೊಡಲಿಲ್ಲ. ನೆರಿಗೆ ಕೆಡುತ್ತದೆಂದು ಓಡಲು ಬಿಡಲಿಲ್ಲ. ಕತ್ತಲಾದ ಮೇಲೆ ಅವಳ ಸರದಿ ಬಂತು. ಹಾಡು ಮುಗಿಯುವ ಹೊತ್ತಿಗೆ ಕೆಳಗೆ ನಿಂತಿದ್ದ ನಾವೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದೆವು. ಅವಳು ಅಲ್ಲಿಂದ ಅಮ್ಮನ ಮುಖ ಹುಡುಕುತ್ತಿದ್ದಳು. ಅವಳಿಗೆ ಕಂಡದ್ದು ಸಾಲುಸಾಲು ಮೊಬೈಲ್‌ಗಳೇ.

ಇದನ್ನು ನಮ್ಮ ಸಂಘಗಳು ಇಲ್ಲಿ ಬಂದು ಕಲಿತದ್ದಲ್ಲ. ವಿಜಯಪುರ ಜಿಲ್ಲೆಯ ನನ್ನ ಶಾಲೆಯ ವಾರ್ಷಿಕ ಸ್ನೇಹ ಸಮ್ಮೇಳನದಲ್ಲೂ ಹೀಗೆಯೇ ಆಗುತ್ತಿತ್ತು. ಮುಖ್ಯ ಅತಿಥಿಗಳ ಜೀಪು ಬರುವವರೆಗೆ ಬಣ್ಣ ಹಚ್ಚಿಕೊಂಡು ತರಗತಿಯೊಳಗೆ ಕೂರುವುದು, ಬಂದ ಮೇಲೆ ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷೀಯ ಎಂದು ಒಂದಾದ ಮೇಲೊಂದು ಭಾಷಣ. ನವೆಂಬರ್ 14ರ ಮಕ್ಕಳ ದಿನಾಚರಣೆಯಂದೂ ಮಾತನಾಡುತ್ತಿದ್ದವರು ದೊಡ್ಡವರೇ, ಬಿಸಿಲಲ್ಲಿ ಸಾಲಾಗಿ ಕೂತು ಕೇಳುತ್ತಿದ್ದವರು ನಾವು. ಮಕ್ಕಳ ಹೆಸರಿನಲ್ಲಿ ಏನೇ ಮಾಡಹೊರಟರೂ ನಮ್ಮ ಕೈ ಮೊದಲು ಹೋಗುವುದು ಮೈಕಿನ ಕಡೆಗೆ. ಎರಡನೆಯದಾಗಿ ಬಹುಮಾನದ ಕಡೆಗೆ: ಪ್ರಥಮ, ದ್ವಿತೀಯ, ತೃತೀಯ, ಅಳುವವರಿಗೆ ಸಮಾಧಾನಕರ.

ಅದೇ ನವೆಂಬರ್‌ನಲ್ಲಿ ಇಲ್ಲಿನವರು ಮಕ್ಕಳಿಗಾಗಿ ಮಾಡುವ ಹಬ್ಬವೊಂದಿದೆ. ನವೆಂಬರ್ 11 ಸಂತ ಮಾರ್ಟಿನ್ನನ ದಿನ. ರೋಮನ್ ಸೈನಿಕನಾಗಿದ್ದ ಆತ ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನನ್ನು ಕಂಡು ತನ್ನ ನಿಲುವಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟನೆಂದು ಕಥೆ. ಆ ದಿನದ ಆಸುಪಾಸಿನಲ್ಲಿ ಊರೂರಿನಲ್ಲಿ ಮಕ್ಕಳು ಲಾಟೀನು ಹಿಡಿದು ಕತ್ತಲಲ್ಲಿ ಮೆರವಣಿಗೆ ಹೋಗುತ್ತಾರೆ. ಕೆಂಪು ನಿಲುವಂಗಿ ತೊಟ್ಟವರೊಬ್ಬರು ಕುದುರೆಯ ಮೇಲೆ ಮುಂದೆ ಸಾಗುತ್ತಾರೆ, ಊರಿನ ವಾದ್ಯದವರು ಹಾಡುಗಳನ್ನು ನುಡಿಸುತ್ತಾರೆ, ಕೊನೆಗೆ ಬಯಲಿನಲ್ಲಿ ದೊಡ್ಡ ಬೆಂಕಿ ಹಾಕಿ ಎಲ್ಲರೂ ಸುತ್ತ ನಿಲ್ಲುತ್ತಾರೆ.

ನನ್ನ ಮನಸ್ಸು ಗೆದ್ದದ್ದು ಆ ಸಂಜೆಗಿಂತ ಅದಕ್ಕೂ ಮುಂಚಿನ ಸಿದ್ಧತೆ. ಅಕ್ಟೋಬರ್‌ನ ಒಂದು ಮಧ್ಯಾಹ್ನ ಕಿಂಡರ್‌ಗಾರ್ಟನ್‌ಗೆ ತಂದೆ ತಾಯಿಯರನ್ನು ಕರೆಯುತ್ತಾರೆ. ಮಕ್ಕಳ ಮೊಳಕಾಲೆತ್ತರದ ಕುರ್ಚಿಗಳ ಮೇಲೆ ನಾವೂ ಕೂರಬೇಕು. ಬಲೂನು ಊದಿ, ಬಣ್ಣದ ತೆಳು ಕಾಗದದ ಚೂರುಗಳನ್ನು ಗಂಜಿಯಂಥ ಅಂಟಿನಲ್ಲಿ ಅದ್ದಿ ಒಂದರ ಮೇಲೊಂದು ಹಚ್ಚುತ್ತಾ ಹೋಗಬೇಕು. ಮೊಣಕೈವರೆಗೆ ಅಂಟು. ಕೆಲವು ದಿನ ಒಣಗಲು ಬಿಟ್ಟು ಬಲೂನನ್ನು ಸೂಜಿಯಿಂದ ಒಡೆದರೆ ಕಾಗದದ ಬುರುಡೆ ಗಟ್ಟಿಯಾಗಿ ನಿಂತಿರುತ್ತದೆ. ಅದಕ್ಕೆ ತಂತಿ ಸಿಕ್ಕಿಸಿ, ಕೋಲಿನ ತುದಿಯ ಪುಟ್ಟ ಬಲ್ಬನ್ನು ಒಳಗೆ ಇಳಿಬಿಟ್ಟರೆ ಲಾಟೀನು ತಯಾರು. ನನ್ನ ಮಗಳದು ಒಂದು ಬದಿಗೆ ಸೊಟ್ಟಗಿತ್ತು, ಅಂಟು ಒಣಗಿ ಬಿರುಕು ಬಿಟ್ಟಿತ್ತು. ಅದನ್ನು ಯಾರೂ ಸರಿಪಡಿಸಲಿಲ್ಲ. ಯಾವ ಲಾಟೀನು ಚೆಂದವೆಂದು ಯಾರೂ ಕೇಳಲಿಲ್ಲ. ಮೆರವಣಿಗೆಯ ಕತ್ತಲಲ್ಲಿ ಸೊಟ್ಟಗಿನದೂ ನೆಟ್ಟಗಿನದೂ ಒಂದೇ ಥರ ಬೆಳಗಿದವು.

ಯೋಜನೆಯ ಬಗೆಯೂ ಹೇಳಿಕೊಳ್ಳುವಂಥದು. ಬಾಗಿಲಿಗೆ ಒಂದು ಹಾಳೆ ಅಂಟಿಸಿರುತ್ತಾರೆ. ಕೇಕ್ ತರುವವರು, ಬಿಸಿ ಹಣ್ಣಿನ ರಸ ಕಾಯಿಸುವವರು, ಹೊಳೆಯುವ ಅಂಗಿ ತೊಟ್ಟು ರಸ್ತೆ ದಾಟಿಸುವವರು, ಕೊನೆಗೆ ಬಯಲು ಗುಡಿಸುವವರು ತಂತಮ್ಮ ಹೆಸರು ಬರೆಯಬೇಕು. ಲೋಟ ಮನೆಯಿಂದಲೇ ತರಬೇಕು. ಬೆಂಕಿ ಕಾಯುವುದು ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದವರ ಕೆಲಸ. ನಾವಿರುವ ಈ ಊರಿನ ಮೆರವಣಿಗೆಯಲ್ಲಿ ಅಧ್ಯಕ್ಷರಿಲ್ಲ, ಶಾಲಿಲ್ಲ, ವಂದನಾರ್ಪಣೆ ಇಲ್ಲ. ಸಂಜೆ ಐದಕ್ಕೆ ಹೊರಟರೆ ಏಳರೊಳಗೆ ಮಗು ವೆಕ್‌ಮಾನ್ ಎಂಬ ಬ್ರೆಡ್ಡಿನ ಗೊಂಬೆ ಹಿಡಿದು ಮನೆಯಲ್ಲಿರುತ್ತದೆ. ಅದರ ಕಣ್ಣಿಗೆ ಒಣದ್ರಾಕ್ಷಿ, ಎದೆಯ ಮೇಲೆ ಬಿಳಿ ಮಣ್ಣಿನ ಪುಟ್ಟ ಚಿಲುಮೆ. ಎಲ್ಲರೂ ನಡೆಯುವವರೇ ಆದ್ದರಿಂದ ಪ್ರೇಕ್ಷಕರೇ ಇರುವುದಿಲ್ಲ. ಮಕ್ಕಳ ಜೊತೆ ದೊಡ್ಡವರೂ ಹಾಡುತ್ತಾರೆ, ಅಪಸ್ವರದಲ್ಲಿ ಹಾಡಿದರೂ ಯಾರೂ ತಿರುಗಿ ನೋಡುವುದಿಲ್ಲ.

ಹುಟ್ಟುಹಬ್ಬಗಳೂ ಹಾಗೆಯೇ. ಮೂರರಿಂದ ಆರು ಎಂದು ಬರೆದರೆ ಆರಕ್ಕೆ ಮುಗಿಯುತ್ತದೆ. ಮಗುವಿಗೆ ಎಷ್ಟು ವರ್ಷವೋ ಅಷ್ಟೇ ಅತಿಥಿಗಳು ಎಂಬುದು ಬಹಳ ಮನೆಗಳಲ್ಲಿ ರೂಢಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಗು ಮರದ ಸೌಟಿನಿಂದ ನೆಲ ಬಡಿಯುತ್ತಾ ಬೋರಲು ಹಾಕಿದ ಪಾತ್ರೆಯನ್ನು ಹುಡುಕಬೇಕು, ಅದರಡಿ ಚಾಕಲೇಟು. ಖರ್ಚಿಲ್ಲ, ಗದ್ದಲ ಮಾತ್ರ ಮನೆತುಂಬ. ಬೆಂಗಳೂರಿನಲ್ಲಿ ನನ್ನ ತಮ್ಮನ ಮಗನ ಹುಟ್ಟುಹಬ್ಬಕ್ಕೆ ಹೋದಾಗ ಹಾಲ್ ತುಂಬ ಬಲೂನು, ಧ್ವನಿವರ್ಧಕ, ನಿರೂಪಕ ಎಲ್ಲ ಇತ್ತು. ಕೇಕ್ ಕತ್ತರಿಸುವ ಹೊತ್ತಿಗೆ ಹುಟ್ಟುಹಬ್ಬದ ಹುಡುಗ ಅಜ್ಜಿಯ ಹೆಗಲ ಮೇಲೆ ನಿದ್ದೆ ಹೋಗಿದ್ದ. ಎಬ್ಬಿಸಿ ಚಾಕು ಹಿಡಿಸಿದರು.

ನನಗೆ ನಿಜವಾಗಿ ಸಂಕಟವಾಗುವುದು ಇನ್ನೊಂದು ಕಾರಣಕ್ಕೆ. ಮೈಕಿಲ್ಲದ, ಪ್ರೇಕ್ಷಕರಿಲ್ಲದ, ಎಲ್ಲರೂ ಭಾಗಿಗಳಾಗುವ ಹಬ್ಬ ನಮಗೆ ಗೊತ್ತಿಲ್ಲದ್ದೇನಲ್ಲ. ಎಳ್ಳಮಾವಾಸ್ಯೆಗೆ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೊರಟು ಊರಿಗೆ ಊರೇ ಖಾಲಿಯಾಗುತ್ತಿತ್ತು. ಚಕ್ಕಡಿಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕಡಬಿನ ಗಂಟುಗಳ ನಡುವೆ ನಾವು ಮಕ್ಕಳು. ಬನ್ನಿ ಗಿಡದ ಕೆಳಗೆ ಪಾಂಡವರ ಪೂಜೆ ಮುಗಿದ ಕೂಡಲೇ ದೊಡ್ಡವರು ಹುಲ್ಲುಲ್ಲಿಗೋ ಎಂದು ಕೂಗುತ್ತಾ ಚರಗವನ್ನು, ಅಂದರೆ ನೈವೇದ್ಯದ ಅಡುಗೆಯನ್ನು, ಹೊಲದ ತುಂಬ ಚೆಲ್ಲಲು ಹೊರಟರೆ ನಾವು ಅವರ ಹಿಂದೆ ಬೆಳೆಯ ನಡುವೆ ಓಡುತ್ತಿದ್ದೆವು. ಆಮೇಲೆ ಹಸಿಕಡಲೆ ಗಿಡ ಕಿತ್ತು ತಿನ್ನುವುದು, ಬೇವಿನ ಮರದ ಜೋಕಾಲಿಗೆ ಜಗಳವಾಡುವುದು. ಪಕ್ಕದ ಹೊಲದವರು ಕರೆದರೆ ಅಲ್ಲಿಯೂ ಒಂದು ಊಟ. ದಿನವಿಡೀ ನಮ್ಮನ್ನು ಯಾರೂ ಸಾಲಾಗಿ ಕೂರಿಸಲಿಲ್ಲ. ಕಡಲು ದಾಟಿ ಬರುವಾಗ ನಾವು ಗಂಟು ಕಟ್ಟಿಕೊಂಡು ಬಂದದ್ದು ಈ ಎಳ್ಳಮಾವಾಸ್ಯೆಯನ್ನಲ್ಲ, ಸ್ನೇಹ ಸಮ್ಮೇಳನವನ್ನು. ಇದು ನನಗೆ ಇವತ್ತಿಗೂ ಅರ್ಥವಾಗದು.

ಎಲ್ಲವನ್ನೂ ಬೈದು ಬಿಟ್ಟರೆ ಅನ್ಯಾಯವಾದೀತು. ಕರ್ನಾಟಕದಲ್ಲಿ ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥ ಬೇಸಿಗೆ ಶಿಬಿರಗಳಿವೆ. ಅಲ್ಲಿ ಮಕ್ಕಳು ರಂಗವೇರುವುದು ಕೊನೆಗೆ, ಅದಕ್ಕೂ ಮುಂಚೆ ಮನಸೋ ಇಚ್ಛೆ ಹಾಡಿ ಕುಣಿದು ಕಲಿತಿರುತ್ತಾರೆ. ಇಲ್ಲಿಯೂ ಎಲ್ಲವೂ ಸಿಹಿಯಲ್ಲ. ಮಗಳನ್ನು ಹುಟ್ಟುಹಬ್ಬಕ್ಕೆ ಬಿಡಲು ಹೋದಾಗ ಜೊತೆಗಿದ್ದ ಅವಳ ತಮ್ಮ ಒಳಗಿನ ಬಲೂನು ಕಂಡು ಕೈ ಚಾಚಿದ. ಆ ಮನೆಯ ತಾಯಿ ನಗುತ್ತಲೇ ನನಗೆ ಆರು ಗಂಟೆಗೆ ಬನ್ನಿ ಎಂದರು. ಅವನ ಹೆಸರು ಪಟ್ಟಿಯಲ್ಲಿರಲಿಲ್ಲ. ದಾರಿಯುದ್ದಕ್ಕೂ ಅವನು ಅತ್ತ. ನಮ್ಮ ಕಡೆ ಯಾವ ಮನೆಯಲ್ಲಿ ಹೀಗೆ ನಡೆದೀತು? ಮಾರ್ಟಿನ್ನನ ಮೆರವಣಿಗೆಗೆ ಬಂದಿದ್ದ ನನ್ನ ತಾಯಿ, ಬೆಂಕಿ ಆರುವ ಮೊದಲೇ ಎಲ್ಲರೂ ಚದುರಿದ್ದನ್ನು ಕಂಡು, "ಇಷ್ಟು ಬೇಗ ಮನೆಗೆ ಹೋಗಿ ಇವರು ಏನು ಮಾಡುತ್ತಾರಪ್ಪ?" ಎಂದು ಕೇಳಿದರು. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನೂ ಒಂದನ್ನು ಒಪ್ಪಿಕೊಳ್ಳಲೇಬೇಕು. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್‌ನಲ್ಲೇ ಉತ್ತರಿಸುವ ಗೆಳೆಯನ ಮಗ ಅದೇ ರಾಜ್ಯೋತ್ಸವದ ವೇದಿಕೆಯ ಮೇಲೆ ಬಸವಣ್ಣನವರ ವಚನವನ್ನು ಒಂದಕ್ಷರ ತಪ್ಪದೆ ಹೇಳಿದ. ವೇದಿಕೆ ಇಲ್ಲದಿದ್ದರೆ ಅವನು ಅದನ್ನು ಬಾಯಿಪಾಠ ಮಾಡುತ್ತಿರಲಿಲ್ಲ. ಊರಿನಲ್ಲಿರುವ ಅಜ್ಜ ಅಜ್ಜಿಯರಿಗೂ ಅಂಥ ವಿಡಿಯೊಗಳು ಬೇಕು. ಭಾಷಣದ ಹೊತ್ತಿನಲ್ಲಿ ಮೊಗಸಾಲೆಯಲ್ಲಿ ಬೆನ್ನಟ್ಟಿ ಆಡಿದ ಮಕ್ಕಳೇ ಇಂದಿಗೂ ನನ್ನ ಮಗಳ ಕನ್ನಡದ ಗೆಳೆಯರು.

ಹಾಗಾಗಿ ರಾಜ್ಯೋತ್ಸವ ಬೇಡ ಎಂದು ನಾನು ಹೇಳುತ್ತಿಲ್ಲ. ಸಮಿತಿಯ ಸಭೆಯಲ್ಲಿ ಕೇಳಿದ್ದು ಇಷ್ಟೇ: ಮಕ್ಕಳ ಸರದಿ ಮೊದಲಿರಲಿ, ಅವರಿಗೆ ಊಟವೂ ಮೊದಲೇ ಆಗಲಿ, ಸನ್ಮಾನ ಆಮೇಲೆ. ಜೊತೆಗೆ ಜೂನ್‌ನ ಒಂದು ಭಾನುವಾರ ನಮಗೆ ಬಿಟ್ಟುಕೊಡಿ. ಇಲ್ಲಿ ಎಳ್ಳಮಾವಾಸ್ಯೆಯ ಹೊತ್ತಿಗೆ ಕೊರೆಯುವ ಚಳಿ ಇರುತ್ತದೆ, ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಕಾಡಿನಂಚಿನಲ್ಲಿ ನಗರಸಭೆಯವರು ಬಾಡಿಗೆಗೆ ಕೊಡುವ ಚಪ್ಪರವಿದೆ. ಬಾಗಿಲಿಗೊಂದು ಹಾಳೆ ಅಂಟಿಸಿ, ರೊಟ್ಟಿ ಯಾರು, ಪಲ್ಯ ಯಾರು, ಮೊಸರನ್ನ ಯಾರು ಎಂದು ಬರೆಸೋಣ. ಲಗೋರಿಯ ಕಲ್ಲು ಅಲ್ಲೇ ಸಿಗುತ್ತವೆ. ಕುಂಟೆಬಿಲ್ಲೆಯಂಥ ಆಟ ಇಲ್ಲಿನ ಮಕ್ಕಳಿಗೂ ಗೊತ್ತು, ಮಗಳ ಗೆಳತಿಯರನ್ನೂ ಕರೆಯಬಹುದು, ಅವರ ತಮ್ಮ ತಂಗಿಯರನ್ನೂ. ಅತಿಥಿಗಳು ಬರಲಿ, ಆದರೆ ಅವರಿಗೂ ಚೆಂಡು ಕೊಟ್ಟು ಆಟಕ್ಕಿಳಿಸೋಣ. ಮೈಕ್ ಇಲ್ಲದಿದ್ದರೆ ಜನರನ್ನು ಹೇಗೆ ಸೇರಿಸುವುದು ಎಂದು ಒಬ್ಬರು ಆಕ್ಷೇಪ ಎತ್ತಿದ್ದಾರೆ, ಮಳೆ ಬಂದರೆ ಎಂದು ಇನ್ನೊಬ್ಬರು. ಮಳೆ ಬಂದರೆ ಚಪ್ಪರವಿದೆ. ಜನರನ್ನು ಸೇರಿಸಲು ರೊಟ್ಟಿಯ ಗಂಟು ಬಿಚ್ಚಿದರೆ ಸಾಕು ಎಂದು ಹೇಳಿದ್ದೇನೆ. ಮುಂದಿನ ಸಭೆಯಲ್ಲಿ ತೀರ್ಮಾನವಾಗಬೇಕು.